ಯಾರ ಪಟ್ಟಿಯಲ್ಲಿ ಯಾರು

ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿ, ರಟ್ಗರ್ಸ್ ವಿಶ್ವವಿದ್ಯಾಲಯದ ಆವರಣದಲ್ಲಿ, ಯುರ್ಕಾಕ್ ಎಂಬ ಮೈದಾನವಿದೆ. ಐದು ಸಾವಿರ ಜನ ಕೂರಬಹುದು. ಎಡಿಸನ್, ಐಸೆಲಿನ್ ಕಡೆಯ ಕನ್ನಡದವರಿಗೆ ಆ ದಾರಿ ಪರಿಚಿತವೇ. ಮಕ್ಕಳನ್ನು ಬೇಸಿಗೆ ಕ್ಯಾಂಪಿಗೆ ಬಿಡುವುದಕ್ಕೋ ಕರೆತರುವುದಕ್ಕೋ ಆ ಕ್ಯಾಂಪಸ್ಸನ್ನು ಸುತ್ತದವರು ಕಡಿಮೆ. ಸ್ಕೈ ಬ್ಲೂ ಎಫ್‌ಸಿ ಎಂಬ ಹೆಂಗಸರ ವೃತ್ತಿಪರ ಸಾಕರ್ ತಂಡಕ್ಕೆ ವರ್ಷಗಟ್ಟಲೆ ಅದೇ ತವರು ಮೈದಾನವಾಗಿತ್ತು. ಕಾರು ನಿಲ್ಲಿಸಿ ಎರಡು ಹೆಜ್ಜೆ ನಡೆದರೆ ಬೆಂಚು ಸಿಗುತ್ತಿತ್ತು. ಪಂದ್ಯ ಮುಗಿದ ಮೇಲೆ ಆಟಗಾರ್ತಿಯರು ಬೇಲಿಯ ಹತ್ತಿರ ಬಂದು ಮಕ್ಕಳ ಅಂಗಿಯ ಮೇಲೆ ಸಹಿ ಹಾಕುತ್ತಿದ್ದರು. ನನ್ನ ವಯಸ್ಸಿನ ತಾಯಂದಿರು ಈಗಲೂ ಅದನ್ನು ನೆನೆದು ‘ಎಷ್ಟು ಚೆನ್ನಾಗಿತ್ತು’ ಎನ್ನುತ್ತಾರೆ. ನಮಗೆ ಚೆನ್ನಾಗಿತ್ತು, ನಿಜ. ಬೇಲಿಯ ಆಚೆ ನಿಂತವರ ಸ್ಥಿತಿ ಹೇಗಿತ್ತು ಅನ್ನುವುದು ಬೇರೆ ಮಾತು.

ಮಗಳು ಆಗ ಟೌನ್ ತಂಡದಲ್ಲಿ ಆಡುತ್ತಿದ್ದಳು, ಎಡಗಡೆಯ ಬ್ಯಾಕ್. ನನಗೆ ಆಟ ಹತ್ತಿದ್ದು ಅವಳಿಂದ. ಆದರೆ ಆಟಕ್ಕಿಂತ ಹೆಚ್ಚಾಗಿ ಹತ್ತಿದ್ದು ಪಟ್ಟಿ, ಅಂದರೆ ರೋಸ್ಟರ್. ಮೈದಾನಕ್ಕೆ ಹೋದರೆ ಹೋದ ಸಲ ನೋಡಿದ ಮುಖ ಇರುತ್ತಿರಲಿಲ್ಲ, ಹೊಸ ಮುಖ ಇರುತ್ತಿತ್ತು. ‘ಅವಳೆಲ್ಲಿ?’ ಎಂದು ಪಕ್ಕದವರನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ. ಒಬ್ಬಳು ದೇಶದ ತಂಡಕ್ಕೆ ಹೋಗಿದ್ದಾಳೆ, ಇನ್ನೊಬ್ಬಳನ್ನು ಬೇರೆ ಊರಿಗೆ ಕೊಟ್ಟಿದ್ದಾರೆ, ಮತ್ತೊಬ್ಬಳು ಬದಲಿಗೆ ಬಂದವಳು, ಮುಂದಿನ ತಿಂಗಳು ಇರುವುದಿಲ್ಲ. ಇದಕ್ಕೆಲ್ಲ ನಿಯಮಗಳಿವೆ ಎಂದು ಎಲ್ಲರೂ ಹೇಳುತ್ತಿದ್ದರು. ಯಾವ ನಿಯಮ ಎಂದರೆ ಹೇಳುವವರಿಲ್ಲ.

2017ರ ಆಗಸ್ಟ್‌ನಲ್ಲಿ ಸಿಯಾಟಲ್ ರೀನ್ ವಿರುದ್ಧದ ಪಂದ್ಯಕ್ಕೆ ಮಾವನವರನ್ನೂ ಕರೆದುಕೊಂಡು ಹೋಗಿದ್ದೆವು. ದಾವಣಗೆರೆಯಲ್ಲಿ ಕೆಇಬಿ ನೌಕರಿ ಮುಗಿಸಿ ನಿವೃತ್ತರಾದವರು, ಆರು ತಿಂಗಳ ವೀಸಾದ ಮೇಲೆ ಬಂದಿದ್ದರು. ಅರ್ಧ ಆಟಕ್ಕೆ ನಮ್ಮವರು ಮೂರು ಸೊನ್ನೆ ಹಿಂದೆ. ‘ಏಳವ್ವ, ಟ್ರಾಫಿಕ್ ಆಗೋದ್ರೊಳಗೆ ಹೋಗಾಣ’ ಎಂದರು. ಮಗಳು ಬಿಡಲಿಲ್ಲ. ಎರಡನೇ ಅರ್ಧದಲ್ಲಿ ಸ್ಯಾಮ್ ಕೆರ್ ಒಬ್ಬಳೇ ನಾಲ್ಕು ಗೋಲು ಹೊಡೆದಳು. ಪಂದ್ಯ 5–4. ಮಾವನವರು ಬೆಂಚಿನ ಮೇಲೆ ನಿಂತುಬಿಟ್ಟಿದ್ದರು.

ಕಾರಿನಲ್ಲಿ ಕೂತ ಮೇಲೆ ಅವರ ಪ್ರಶ್ನೆಗಳು ಶುರುವಾದವು.

‘ಆ ಹುಡುಗಿ ಇಲ್ಲಿಯಾಕೀನಾ?’

‘ಆಸ್ಟ್ರೇಲಿಯಾದವಳು, ಮಾವ.’

‘ಅಷ್ಟು ದೂರದಿಂದ ಬಂದಾಳಂದ್ರೆ ಸಂಬಳ ಭಾಳ ಇರಬೇಕು.’

ಆ ವರ್ಷ ಲೀಗಿನ ಗರಿಷ್ಠ ಸಂಬಳ 41,700 ಡಾಲರ್, ಕನಿಷ್ಠ 15,000 ಎಂದು ಮಗಳು ಹಿಂದಿನ ಸೀಟಿನಿಂದ ಹೇಳಿದಳು. ತಿಂಗಳಿಗಾ ಎಂದು ಅವರು ಕೇಳಿದರು. ವರ್ಷಕ್ಕೆ. ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮತ್ತೆ ನಾವು ಕೊಟ್ಟ ಟಿಕೇಟಿನ ರೊಕ್ಕ ಯಾರು ತಗೊಂತಾರೆ?’ ಎಂದರು. ಯಾರೂ ತೆಗೆದುಕೊಳ್ಳುತ್ತಿರಲಿಲ್ಲ, ಅಷ್ಟು ರೊಕ್ಕ ಬರುತ್ತಲೇ ಇರಲಿಲ್ಲ. ಕೆರ್ ಆ ಋತುವಿನಲ್ಲಿ 17 ಗೋಲು ಹೊಡೆದು ಲೀಗಿನ ದಾಖಲೆ ಮಾಡಿದಳು. ಇಲ್ಲಿ ಆಟ ನಿಂತ ಮೇಲೆ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿನ ಬೇಸಿಗೆಯಲ್ಲಿ ಪರ್ತ್ ಗ್ಲೋರಿಗೆ ಆಡುವಳು. ವರ್ಷಕ್ಕೆ ಎರಡು ಲೀಗು ಆಡುವುದು ಆಗ ಬಹಳ ಜನರ ಪಾಡು.

ಇಷ್ಟು ಕಡಿಮೆ ಸಂಬಳಕ್ಕೆ ಮಿತಿ ಹಾಕಿದವರು ಲೋಭಿಗಳೇ ಇರಬೇಕು ಎಂದು ನನಗೂ ಅನ್ನಿಸಿದ್ದುಂಟು. ಕಾರಣ ಅದಕ್ಕಿಂತ ಹಳೆಯದು: ಭಯ. 1999ರ ಮಹಿಳಾ ವಿಶ್ವಕಪ್ಪಿನ ಮೊದಲ ಪಂದ್ಯ ನಮ್ಮ ನ್ಯೂಜೆರ್ಸಿಯಲ್ಲೇ, ಜಯಂಟ್ಸ್ ಸ್ಟೇಡಿಯಮ್ಮಿನಲ್ಲಿ ನಡೆಯಿತು, 78,972 ಜನ. ಫೈನಲ್ಲಿಗೆ ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ 90,185. ಆ ಜನಸಂದಣಿಯನ್ನು ಕಂಡವರು 2001ರಲ್ಲಿ ಡಬ್ಲ್ಯುಯುಎಸ್‌ಎ ಎಂಬ ಲೀಗು ಕಟ್ಟಿದರು. ಮಿಯಾ ಹ್ಯಾಮ್ ಆಡಿದ ಮೊದಲ ಪಂದ್ಯಕ್ಕೆ ವಾಷಿಂಗ್ಟನ್ನಿನಲ್ಲಿ 34,148 ಜನ ಬಂದರು. ಆಮೇಲೆ ಬರಲಿಲ್ಲ. ಮೂರು ವರ್ಷದಲ್ಲಿ ಸುಮಾರು ಹತ್ತು ಕೋಟಿ ಡಾಲರ್ ಕರಗಿ, 2003ರ ಸೆಪ್ಟೆಂಬರಿನಲ್ಲಿ, ಮುಂದಿನ ವಿಶ್ವಕಪ್ಪಿಗೆ ಇನ್ನು ಕೆಲವೇ ದಿನ ಇರುವಾಗ ಬಾಗಿಲು ಹಾಕಿತು.

ಎರಡನೇ ಲೀಗು, ಡಬ್ಲ್ಯುಪಿಎಸ್, 2009ರಲ್ಲಿ ಶುರುವಾಗಿ ಮೂರೇ ಋತು ಬದುಕಿತು. ಬ್ರೆಜಿಲಿನ ಮಾರ್ತಾಳ ಕತೆ ಕೇಳಿದರೆ ಅದರ ಜಾತಕವೇ ಗೊತ್ತಾಗುತ್ತದೆ. ಜಗತ್ತಿನ ಅತ್ಯುತ್ತಮ ಆಟಗಾರ್ತಿ ಎಂದು ಕರೆತಂದರು. 2009ರಲ್ಲಿ ಲಾಸ್ ಏಂಜಲೀಸ್ ಸೋಲ್ ತಂಡಕ್ಕೆ ಆಡಿದಳು. ಋತು ಮುಗಿಯುತ್ತಲೇ ತಂಡ ಮುಚ್ಚಿತು. 2010ರಲ್ಲಿ ಎಫ್‌ಸಿ ಗೋಲ್ಡ್ ಪ್ರೈಡ್. ಚಾಂಪಿಯನ್ ಆಯಿತು, ಮುಚ್ಚಿತು. 2011ರಲ್ಲಿ ವೆಸ್ಟರ್ನ್ ನ್ಯೂಯಾರ್ಕ್ ಫ್ಲ್ಯಾಶ್. ಅದೂ ಚಾಂಪಿಯನ್ ಆಯಿತು, ಈ ಸಲ ಲೀಗೇ ಮುಚ್ಚಿತು.

ಆ ಲೀಗಿನ ಮೊದಲ ವರ್ಷದ ಕಪ್ ಬಂದದ್ದು ನಮ್ಮ ಸ್ಕೈ ಬ್ಲೂಗೆ. ಅದನ್ನು ಗೆದ್ದ ರೀತಿಯೂ ವಿಚಿತ್ರ. ಋತುವಿನ ನಡುವೆ ಒಬ್ಬ ಕೋಚ್ ಹೋದರು, ಅವರ ಜಾಗಕ್ಕೆ ಬಂದವರೂ ಹೋದರು. ಕೊನೆಗೆ ನಾಯಕಿ ಕ್ರಿಸ್ಟಿ ರ‍್ಯಾಂಪೋನ್ ತಾನೇ ಕೋಚ್ ಆಗಿ, ಡಿಫೆಂಡರ್ ಆಗಿಯೂ ಆಡುತ್ತಾ, ಮೂರು ನಾಕೌಟ್ ಪಂದ್ಯಗಳನ್ನು ಹೊರ ಊರುಗಳಲ್ಲೇ ಗೆದ್ದಳು. ಫೈನಲ್ಲಿನ ಒಂದೇ ಗೋಲು ಹೊಡೆದ ಹೆದರ್ ಓ’ರೈಲಿ ನಮ್ಮ ಪಕ್ಕದ ಈಸ್ಟ್ ಬ್ರನ್ಸ್‌ವಿಕ್‌ನವಳು. ರ‍್ಯಾಂಪೋನ್ ಆಗ ಗರ್ಭಿಣಿ ಎಂಬುದು ಆಮೇಲೆ ಗೊತ್ತಾಯಿತು. ಇದನ್ನು ಎಲ್ಲರೂ ಸ್ಫೂರ್ತಿಯ ಕತೆಯಾಗಿ ಹೇಳುತ್ತಾರೆ. ನನಗೆ ಕಾಣುವುದು ಸಂಬಳ ಕೊಟ್ಟು ಇನ್ನೊಬ್ಬ ಕೋಚನ್ನು ತರಲಾಗದ ಆಡಳಿತ.

ಹೀಗೆ ಎರಡು ಸಾವು ಕಂಡವರು 2013ರಲ್ಲಿ ಮೂರನೆಯದನ್ನು, ಎನ್‌ಡಬ್ಲ್ಯುಎಸ್‌ಎಲ್ ಅನ್ನು, ಶುರುಮಾಡಿದಾಗ ಮೊದಲು ಕಟ್ಟಿದ್ದು ಕಟ್ಟುಪಾಡುಗಳನ್ನು. ಒಂದು ತಂಡದ ಎಲ್ಲ ಆಟಗಾರ್ತಿಯರ ಒಟ್ಟು ಸಂಬಳ 2 ಲಕ್ಷ ಡಾಲರ್ ದಾಟುವಂತಿಲ್ಲ. ಒಬ್ಬಳಿಗೆ ಕನಿಷ್ಠ 6,000, ಗರಿಷ್ಠ 30,000. ಆರು ಸಾವಿರ ಡಾಲರಿಗೆ ಒಂದು ಋತು ಆಡಿದವರು ಯಾರದೋ ಮನೆಯ ಖಾಲಿ ಕೋಣೆಯಲ್ಲಿ ಇರುತ್ತಿದ್ದರು, ಬೆಳಗ್ಗೆ ಅಭ್ಯಾಸ ಮುಗಿಸಿ ಮಧ್ಯಾಹ್ನ ಮಕ್ಕಳಿಗೆ ಕೋಚಿಂಗ್ ಮಾಡುತ್ತಿದ್ದರು. ರಾಷ್ಟ್ರೀಯ ತಂಡದವರ ಲೆಕ್ಕ ಬೇರೆ. ಅಮೆರಿಕ, ಕೆನಡಾ, ಮೆಕ್ಸಿಕೋ ದೇಶಗಳ ಫೆಡರೇಷನ್‌ಗಳು ತಂತಮ್ಮ ಆಟಗಾರ್ತಿಯರ ಸಂಬಳ ತಾವೇ ಕೊಟ್ಟು, ಅವರನ್ನು ತಂಡಗಳಿಗೆ ಹಂಚಿದವು. ಹಂಚಿದವು ಎಂಬ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ. ಪಡಿತರ ಹಂಚಿದ ಹಾಗೆ ಇವರಿಗಿಷ್ಟು, ಅವರಿಗಿಷ್ಟು.

ಕಾರ್ಲಿ ಲಾಯ್ಡ್ ನ್ಯೂಜೆರ್ಸಿಯ ಡೆಲ್ರಾನ್‌ನವಳು, ಓದಿದ್ದು ರಟ್ಗರ್ಸ್‌ನಲ್ಲಿ. ಹಂಚಿಕೆಯಲ್ಲಿ ಆಕೆ ಹೋದದ್ದು ಸ್ಕೈ ಬ್ಲೂಗೆ ಅಲ್ಲ, ವೆಸ್ಟರ್ನ್ ನ್ಯೂಯಾರ್ಕಿಗೆ. ಅಲ್ಲಿಂದ ಟೆಕ್ಸಸ್‌ನ ಹ್ಯೂಸ್ಟನ್ನಿಗೆ. 2015ರ ವಿಶ್ವಕಪ್ ಫೈನಲ್ಲಿನಲ್ಲಿ ಹದಿನಾರು ನಿಮಿಷದೊಳಗೆ ಮೂರು ಗೋಲು ಹೊಡೆದವಳು ಸ್ವಂತ ಊರಿನ ತಂಡಕ್ಕೆ ಬರಲು 2018 ಆಗಬೇಕಾಯಿತು. ಅದೂ ಒಂದು ಕೊಡುಕೊಳ್ಳುವಿಕೆಯಲ್ಲಿ.

ಆ ಕೊಡುಕೊಳ್ಳುವಿಕೆ ಹೀಗಿತ್ತು. 2018ರ ಜನವರಿಯಲ್ಲಿ ಮೂರು ತಂಡಗಳು ಕೂತು ಒಪ್ಪಂದ ಮಾಡಿಕೊಂಡವು. ನಮ್ಮ ಸ್ಯಾಮ್ ಕೆರ್ ಶಿಕಾಗೋಗೆ. ಶಿಕಾಗೋದ ಕ್ರಿಸ್ಟನ್ ಪ್ರೆಸ್ ಹ್ಯೂಸ್ಟನ್ನಿಗೆ. ಹ್ಯೂಸ್ಟನ್ನಿನ ಲಾಯ್ಡ್ ನಮ್ಮಲ್ಲಿಗೆ. ಜೊತೆಗೆ ಅತ್ತಿತ್ತ ಇನ್ನು ಕೆಲವರು. ಇದರಲ್ಲಿ ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಅನ್ನುವುದು ನಿಯಮಕ್ಕೆ ಬೇಕಿರಲಿಲ್ಲ. ಪ್ರೆಸ್ ಮಾತ್ರ ಹ್ಯೂಸ್ಟನ್ನಿಗೆ ಹೋಗಲಿಲ್ಲ. ಸ್ವೀಡನ್ನಿಗೆ ಹೋಗಿ ಆಡಿದಳು. ಆದರೂ ಅಮೆರಿಕದ ಲೀಗಿನಲ್ಲಿ ಆಕೆಯ ‘ಹಕ್ಕು’ ಹ್ಯೂಸ್ಟನ್ನಿನ ಬಳಿಯೇ ಉಳಿಯಿತು. ಯೂಟಾ ತಂಡ ಆ ಹಕ್ಕನ್ನು ಪಡೆದ ಮೇಲೆ ಆಕೆ ವಾಪಸು ಬಂದು ಅಲ್ಲಿ ಆಡಿದಳು. ಮನುಷ್ಯಳು ಗೋಥೆನ್‌ಬರ್ಗ್‌ನಲ್ಲಿ, ಹಕ್ಕು ಟೆಕ್ಸಸ್ಸಿನಲ್ಲಿ.

ಮಾವನವರು ಆ ಹೊತ್ತಿಗೆ ದಾವಣಗೆರೆಗೆ ಮರಳಿದ್ದರು. ಫೋನಿನಲ್ಲಿ ‘ನಾಕು ಗೋಲಿನ ಹುಡುಗಿ ಹೆಂಗವಳೆ?’ ಎಂದು ಕೇಳಿದರು. ಶಿಕಾಗೋಗೆ ಕಳಿಸಿದರು ಎಂದೆ.

‘ಆಕೀನ ಕೇಳಿದ್ರಾ?’

‘ಕೇಳಬೇಕು ಅಂತ ನಿಯಮ ಇಲ್ಲ, ಮಾವ.’

‘ಹಂಗಾದ್ರೆ ನಮ್ಮ ಕೆಇಬಿನೇ ವಾಸಿ ಬಿಡವ್ವ. ನಮಗೆ ಟ್ರಾನ್ಸ್‌ಫರ್ ಆದ್ರೆ ಎಮ್ಮೆಲ್ಲೆ ಹತ್ರನಾದ್ರೂ ಹೋಗಬಹುದಿತ್ತು.’

ಮಾವನವರಿಗೆ ಅರ್ಥವಾಗದ, ಆದರೆ ನಮ್ಮ ಬೆಂಚಿನ ಸಾಲಿನಲ್ಲಿ ಎಲ್ಲರಿಗೂ ತಟ್ಟನೆ ಅರ್ಥವಾದ ನಿಯಮ ಇನ್ನೊಂದಿತ್ತು. ಪ್ರತಿ ತಂಡಕ್ಕೂ ವಿದೇಶಿ ಆಟಗಾರ್ತಿಯರಿಗೆ ಇಂತಿಷ್ಟೇ ಸ್ಥಾನ. ಆ ಸ್ಥಾನಗಳನ್ನೂ ತಂಡಗಳು ಒಂದಕ್ಕೊಂದು ಮಾರಿಕೊಳ್ಳಬಹುದು, ಬದಲಾಯಿಸಿಕೊಳ್ಳಬಹುದು. ಗ್ರೀನ್ ಕಾರ್ಡ್ ಸಿಕ್ಕಿದವಳು ಮಾತ್ರ ಮರುದಿನದಿಂದ ವಿದೇಶಿಯಲ್ಲ. ಒಂದು ಸ್ಥಾನ ಖಾಲಿಯಾಗುತ್ತದೆ, ತಂಡದವರು ಅದನ್ನು ಗೋಲು ಹೊಡೆದಷ್ಟೇ ಸಂಭ್ರಮದಿಂದ ಪ್ರಕಟಿಸುತ್ತಾರೆ. ಎಚ್‌-1ಬಿ ವೀಸಾದಲ್ಲಿ ಬಂದು, ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಂತು, ಕೆಲಸ ಬಿಟ್ಟರೆ ಸಾಲು ತಪ್ಪೀತು ಎಂದು ಬಾಸನ್ನು ಸಹಿಸಿಕೊಂಡ ಎಡಿಸನ್ನಿನ ಸಾಫ್ಟ್‌ವೇರ್ ಸಂಸಾರಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆಫ್‌ಸೈಡ್ ಅಂದರೇನು ಎಂದು ತಿಳಿಯದ ನನ್ನ ಗೆಳತಿಯೊಬ್ಬಳು ಆಟಗಾರ್ತಿಯರ ಇಮಿಗ್ರೇಷನ್ ಸ್ಥಿತಿ ಮಾತ್ರ ಕರಾರುವಾಕ್ಕಾಗಿ ಹೇಳುತ್ತಿದ್ದಳು. ಮನೆಯವನ ಕಂಪನಿಗೆ ತನ್ನ ಬದುಕನ್ನು ಕಟ್ಟಿಹಾಕಿದ್ದ ಗಂಟು ಯಾವುದೆಂದು ಅವಳಿಗೆ ಗೊತ್ತಿತ್ತು. ಹೊರಡುವ ಹಕ್ಕಿಲ್ಲದವರ ಸಂಬಳ ಏರುವುದಿಲ್ಲ ಅನ್ನುವುದು ನಮ್ಮ ಓಣಿಯಲ್ಲಿ ಅರ್ಥಶಾಸ್ತ್ರ ಓದದೆಯೂ ಗೊತ್ತಿದ್ದ ವಿಷಯ.

2018ರ ಋತು ಅಂಥದ್ದೇ ನೆಲದ ಮೇಲೆ ಬೆಳೆಯಿತು. ಲಾಯ್ಡ್ ತಾನು ಕಾಲೇಜಿನಲ್ಲಿ ಆಡಿದ ಮೈದಾನಕ್ಕೇ ವೃತ್ತಿಪರಳಾಗಿ ಬಂದಳು. ಸ್ಕೈ ಬ್ಲೂ 24 ಪಂದ್ಯಗಳಲ್ಲಿ ಗೆದ್ದದ್ದು ಒಂದು, ಅದೂ ಕೊನೆಯ ದಿನ. ಆ ಬೇಸಿಗೆಯಲ್ಲಿ ಪತ್ರಿಕೆಗಳು ಬರೆದವು: ಯುರ್ಕಾಕ್‌ನಲ್ಲಿ ಆಟಗಾರ್ತಿಯರಿಗೆ ಸ್ನಾನದ ವ್ಯವಸ್ಥೆ ಇಲ್ಲ, ಕೊಟ್ಟ ಮನೆಗಳು ವಾಸಯೋಗ್ಯವಲ್ಲ. ಬೆವರಿನ ಮೈಯಲ್ಲೇ ಬೇಲಿಯ ಹತ್ತಿರ ಬಂದು ಅವರು ಸಹಿ ಹಾಕುತ್ತಿದ್ದದ್ದು ಪ್ರೀತಿಯಿಂದಲೇ ಇರಬಹುದು. ಒಳಗೆ ಹೋಗಿ ಮಾಡುವುದಕ್ಕೆ ಬೇರೇನೂ ಇರಲಿಲ್ಲ ಎಂಬುದೂ ನಿಜ.

ಮುಂದಿನ ಜನವರಿಯ ಡ್ರಾಫ್ಟ್‌ನಲ್ಲಿ ಸ್ಕೈ ಬ್ಲೂ ಇಬ್ಬರು ಒಳ್ಳೆಯ ಡಿಫೆಂಡರ್‌ಗಳನ್ನು ಆರಿಸಿತು. ಹೇಲಿ ಮೇಸ್ ಇಡೀ ಡ್ರಾಫ್ಟಿನಲ್ಲಿ ಎರಡನೆಯವಳು. ಇನ್ನೊಬ್ಬಳು ಜೂಲಿಯಾ ಆ್ಯಶ್ಲಿ. ಡ್ರಾಫ್ಟ್ ಅಂದರೆ ಕಾಲೇಜು ಮುಗಿಸಿದ ಹುಡುಗಿಯರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ ಪದ್ಧತಿ. ಆರಿಸಿದ ತಂಡ ಬಿಟ್ಟರೆ ಲೀಗಿನ ಬೇರೆ ಯಾವ ತಂಡಕ್ಕೂ ಆಕೆ ತಾನಾಗಿ ಹೋಗುವಂತಿಲ್ಲ. ಇಬ್ಬರೂ ಬರಲಿಲ್ಲ. ಇಬ್ಬರೂ ಸ್ವೀಡನ್ನಿಗೆ ಹೋದರು. ಮೇಸ್‌ಳ ಹಕ್ಕನ್ನು ಸ್ಕೈ ಬ್ಲೂ ಆಮೇಲೆ ನಾರ್ತ್ ಕ್ಯಾರೊಲೈನಾ ತಂಡಕ್ಕೆ ಕೊಟ್ಟಿತು. ಮೈದಾನದಲ್ಲಿ ನನ್ನ ಪಕ್ಕ ಕೂರುತ್ತಿದ್ದ ಕೆಲವರು ‘ಈಗಿನ ಹುಡುಗಿಯರಿಗೆ ನಿಷ್ಠೆಯಿಲ್ಲ’ ಎಂದರು. ಬಾರದೇ ಇರುವುದಲ್ಲದೆ ಬೇರೆ ಯಾವ ದಾರಿ ಆ ಹುಡುಗಿಯರಿಗಿತ್ತು? ಒಬ್ಬ ಗ್ರಾಹಕ ಮಾತ್ರ ಇರುವ ಸಂತೆಯಲ್ಲಿ ಸಾಮಾನು ಮನೆಗೆ ವಾಪಸು ಒಯ್ಯುವುದೊಂದೇ ಚೌಕಾಸಿ.

2019ರ ವಿಶ್ವಕಪ್ ಸಮಯದ ಪಂದ್ಯಗಳೂ ನೆನಪಿವೆ. ದೊಡ್ಡ ಹೆಸರುಗಳೆಲ್ಲ ಫ್ರಾನ್ಸಿನಲ್ಲಿ. ಲೀಗು ನಿಲ್ಲಿಸುವಷ್ಟು ಸ್ಥಿತಿವಂತಿಕೆ ಇಲ್ಲ, ಆದ್ದರಿಂದ ಪಂದ್ಯ ನಡೆಯಲೇಬೇಕು. ಇದಕ್ಕೆ ಬದಲಿ ಆಟಗಾರ್ತಿಯರ ನಿಯಮವಿತ್ತು: ದೇಶದ ಕರೆಗೆ ಹೋದವಳ ಜಾಗಕ್ಕೆ ಅಲ್ಪಾವಧಿಗೆ ಒಬ್ಬಳನ್ನು ತರಬಹುದು, ಹೋದವಳು ಬಂದಳೆಂದರೆ ಬದಲಿಯವಳು ಹೊರಡಬೇಕು. ಎಷ್ಟು ಚೆನ್ನಾಗಿ ಆಡಿದಳು ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ನನ್ನ ಮಗಳಿಗೆ ಆಗ ಇಷ್ಟವಾಗುತ್ತಿದ್ದದ್ದು ಇಂಥವರೇ. ಹೆಸರು ನೆನಪಿಟ್ಟುಕೊಂಡು ಮುಂದಿನ ಪಂದ್ಯಕ್ಕೆ ಹೋದರೆ ಅಂಗಿಯ ಸಂಖ್ಯೆ ಬೇರೆಯವಳ ಬೆನ್ನಿನ ಮೇಲೆ.

ಕಟ್ಟುಪಾಡಿನ ಒಳಗೆ ಇನ್ನೂ ಕೆಟ್ಟದ್ದು ಬೆಳೆದಿತ್ತು. 2021ರ ಸೆಪ್ಟೆಂಬರ್ ಕೊನೆಯಲ್ಲಿ ಸಿನೇಡ್ ಫ್ಯಾರೆಲ್ಲಿ ಮತ್ತು ಮಾನಾ ಶಿಮ್ ಎಂಬ ಇಬ್ಬರು ಮಾಜಿ ಆಟಗಾರ್ತಿಯರು ಕೋಚ್ ಪಾಲ್ ರೈಲಿಯ ಲೈಂಗಿಕ ದೌರ್ಜನ್ಯದ ಬಗ್ಗೆ ಪತ್ರಿಕೆಯಲ್ಲಿ ಬಾಯಿಬಿಟ್ಟರು. ರೈಲಿ ಆರೋಪಗಳನ್ನು ಅಲ್ಲಗಳೆದರು. ಅವರನ್ನು ಅವರ ಆಗಿನ ತಂಡ ವಜಾ ಮಾಡಿತು, ಆ ವಾರದ ಪಂದ್ಯಗಳು ನಿಂತವು. ಆಟ ಮತ್ತೆ ಶುರುವಾದ ದಿನ ಆರನೇ ನಿಮಿಷಕ್ಕೆ ಎರಡೂ ಕಡೆಯವರು ಚೆಂಡು ಬಿಟ್ಟು ಮೈದಾನದ ನಡುವೆ ಕೈ ಹಿಡಿದು ನಿಂತರು. ಮುಂದಿನ ವರ್ಷ ಸ್ಯಾಲಿ ಯೇಟ್ಸ್ ಅವರ ತನಿಖಾ ವರದಿ ಬಂತು: ಒಂದೆರಡು ತಂಡಗಳ ಮಾತಲ್ಲ, ಇಡೀ ವ್ಯವಸ್ಥೆಯ ರೋಗ ಎಂದಿತು. ಅದನ್ನು ಓದುವಾಗ ಪಟ್ಟಿಯ ನಿಯಮಗಳು ನನಗೆ ಬೇರೆ ರೀತಿ ಕಂಡವು. ಕೋಚ್ ಇಟ್ಟುಕೊಂಡರೆ ಉಂಟು, ಬಿಟ್ಟರೆ ಇಲ್ಲ, ಬೇರೆ ತಂಡಕ್ಕೆ ಸ್ವಂತ ಇಷ್ಟದಿಂದ ಹೋಗುವಂತಿಲ್ಲ, ಸಂಬಳದಲ್ಲಿ ಉಳಿತಾಯವಿಲ್ಲ. ಹೀಗಿರುವಲ್ಲಿ ದೂರು ಕೊಡುವುದು ಎಂದರೆ ಆಟ ಬಿಡುವುದು ಎಂದೇ ಅರ್ಥ. ಫ್ಯಾರೆಲ್ಲಿ ಬಿಟ್ಟೇಬಿಟ್ಟಿದ್ದಳು. ಏಳು ವರ್ಷದ ಮೇಲೆ, 2023ರಲ್ಲಿ, ಆಕೆ ಮರಳಿ ಬಂದದ್ದು ನಮ್ಮದೇ ತಂಡಕ್ಕೆ.

ಅಷ್ಟರಲ್ಲಿ ತಂಡದ ಹೆಸರು, ಮನೆ ಎರಡೂ ಬದಲಾಗಿದ್ದವು. ಸ್ಕೈ ಬ್ಲೂ ಈಗ ಗೋಥಮ್ ಎಫ್‌ಸಿ. ಪಿಸ್ಕಾಟವೇ ಬಿಟ್ಟು ಹ್ಯಾರಿಸನ್ನಿನ 25,000 ಜನ ಹಿಡಿಸುವ ಸ್ಟೇಡಿಯಮ್ಮಿಗೆ ಹೋಯಿತು. ಸ್ನಾನದ ಮನೆಗಳಿವೆ. 2022ರಲ್ಲಿ ಆಟಗಾರ್ತಿಯರ ಸಂಘ ಲೀಗಿನೊಂದಿಗೆ ಮೊದಲ ಬಾರಿಗೆ ಸಾಮೂಹಿಕ ಒಪ್ಪಂದ ಮಾಡಿಕೊಂಡಿತು. ಕನಿಷ್ಠ ಸಂಬಳ 35,000ಕ್ಕೆ ಏರಿತು, ಲೀಗಿನಲ್ಲಿ ಹಲವು ವರ್ಷ ಆಡಿ ಒಪ್ಪಂದ ಮುಗಿಸಿದವರಿಗೆ ತಮಗೆ ಬೇಕಾದ ತಂಡ ಸೇರುವ ಹಕ್ಕು ಬಂತು. ಫೆಡರೇಷನ್ ಸಂಬಳ ಕೊಟ್ಟು ಹಂಚುವ ಪದ್ಧತಿಯೂ ಅದೇ ಹೊತ್ತಿಗೆ ಮುಗಿಯಿತು.

2022ರಲ್ಲಿ ಕೊನೆಯ ಸ್ಥಾನದಲ್ಲಿದ್ದ ಗೋಥಮ್ 2023ರಲ್ಲಿ ಫೈನಲ್ಲಿಗೆ ಹೋಯಿತು. ಸ್ಯಾನ್ ಡಿಯಾಗೋದಲ್ಲಿ, ಸಿಯಾಟಲ್ಲಿನ ಅದೇ ರೀನ್ ತಂಡದ ಮೇಲೆ. ನಾವು ಮನೆಯಲ್ಲೇ ಟಿವಿಯಲ್ಲಿ ನೋಡಿದೆವು. ಮೇಗನ್ ರಪಿನೋ ತನ್ನ ಕೊನೆಯ ಪಂದ್ಯದ ಮೊದಲ ನಿಮಿಷಗಳಲ್ಲೇ ಕಾಲು ಮುರಿದಂತೆ ಕುಸಿದು ಹೊರಗೆ ಹೋದಳು, ಹಿಮ್ಮಡಿಯ ನರ. ಲಿನ್ ವಿಲಿಯಮ್ಸ್ ಗೋಲು ಹೊಡೆದಳು, ರೋಸ್ ಲವೆಲ್ ರೀನ್ ಪರ ಸಮ ಮಾಡಿದಳು, ಎಸ್ತೆರ್ ಗೊನ್ಸಾಲೆಸ್ ತಲೆಯಿಂದ ಎರಡನೆಯದನ್ನು ಹಾಕಿದಳು. ಎರಡೂ ಗೋಲಿಗೆ ಚೆಂಡು ಕೊಟ್ಟದ್ದು ಮಿಜ್ ಪರ್ಸ್.

ಪ್ರಶ್ನೆ ಎದ್ದದ್ದು ಕೊನೆಯ ಹೆಚ್ಚುವರಿ ನಿಮಿಷಗಳಲ್ಲಿ. ಗೋಥಮ್ ಗೋಲ್‌ಕೀಪರ್ ಮ್ಯಾಂಡಿ ಹಾಟ್ ಪೆಟ್ಟಿಗೆಯ ಹೊರಗೆ ಚೆಂಡನ್ನು ಕೈಯಲ್ಲಿ ಹಿಡಿದಳು. ರೆಫರಿ ವಿಡಿಯೋ ನೋಡಿ ಕೆಂಪು ಕಾರ್ಡು ತೋರಿಸಿದರು. ಬೆಂಚಿನಲ್ಲಿ ಇನ್ನೊಬ್ಬ ಕೀಪರ್ ಇದ್ದರೂ ಗೋಥಮ್ ತನ್ನ ಬದಲಾವಣೆಗಳನ್ನೆಲ್ಲ ಮುಗಿಸಿತ್ತು. ‘ಈಗ ಏನು ಮಾಡ್ತಾರೆ?’ ಎಂದು ನಮ್ಮ ಮನೆಯಲ್ಲಿ ನೆರೆದವರೆಲ್ಲ ಮಗಳ ಮುಖ ನೋಡಿದೆವು. ‘ಆಡ್ತಿರೋರಲ್ಲೇ ಯಾರಾದ್ರೂ ನಿಲ್ಲಬೇಕು’ ಎಂದಳು. ಮಿಡ್‌ಫೀಲ್ಡರ್ ನೀಲಿ ಮಾರ್ಟಿನ್ ಕೈಗವಸು ಹಾಕಿಕೊಂಡು ಗೋಲಿನಲ್ಲಿ ನಿಂತಳು. ಪೆಟ್ಟಿಗೆಯ ಅಂಚಿನಿಂದ ಫ್ರೀ ಕಿಕ್, ಹೊಡೆಯುವವಳು ಲವೆಲ್. ಚೆಂಡು ಗೋಡೆಯಾಗಿ ನಿಂತವರಿಗೆ ತಾಗಿತು. 2–1. ಬದಲಾವಣೆಗಳನ್ನು ಉಳಿಸಿಕೊಳ್ಳಬೇಕಿತ್ತು, ಉಳಿಸಿಕೊಂಡಿದ್ದರೆ ದಣಿದ ಕಾಲುಗಳಿಂದ ಇಲ್ಲಿಯವರೆಗೆ ಬರುತ್ತಿದ್ದರೇ, ಎಂದು ಊಟದ ಹೊತ್ತಿಗೂ ವಾದ ನಡೆದಿತ್ತು. ಇಂಥ ವಾದಕ್ಕೆ ನಾನು ಸದಾ ಸಿದ್ಧ. ಇದು ಆಟದ ನಿಯಮ. ಮೈದಾನದಲ್ಲಿ ಎಲ್ಲರ ಕಣ್ಣೆದುರೇ ಇರುತ್ತದೆ.

ಕಪ್ ಗೆದ್ದ ಕೆಲವೇ ವಾರಗಳಲ್ಲಿ ಅದೇ ರೋಸ್ ಲವೆಲ್ ಗೋಥಮ್ ಸೇರಿದಳು. ಆಕೆಯ ಜೊತೆ ಕ್ರಿಸ್ಟಲ್ ಡನ್, ಎಮಿಲಿ ಸಾನೆಟ್, ಟಿಯೆರ್ನಾ ಡೇವಿಡ್ಸನ್. ನಾಲ್ವರೂ ರಾಷ್ಟ್ರೀಯ ತಂಡದವರು, ನಾಲ್ವರೂ ಸ್ವತಂತ್ರರಾಗಿ ತಾವೇ ಆರಿಸಿಕೊಂಡು ಬಂದವರು. ಪಕ್ಕದವರ ಪ್ರಶ್ನೆ ಈಗ ‘ಅವಳೆಲ್ಲಿ ಹೋದಳು’ ಅಲ್ಲ, ‘ಇಷ್ಟು ಜನರನ್ನು ಮಿತಿಯೊಳಗೆ ಹೇಗೆ ತುಂಬಿದರು?’ ಲೆಕ್ಕ ಸರಳವಿತ್ತು: 2024ಕ್ಕೆ ಸಂಬಳ ಮಿತಿ 13.75 ಲಕ್ಷದಿಂದ 27.5 ಲಕ್ಷ ಡಾಲರಿಗೆ, ಸರಿಯಾಗಿ ಇಮ್ಮಡಿ ಆಯಿತು. ಡನ್ ಒಂದೇ ವರ್ಷ ಇದ್ದು ಪ್ಯಾರಿಸ್ಸಿಗೆ ಹೋದಳು. ಯಾರೂ ಅವಳ ‘ಹಕ್ಕು’ ಕೈಯಲ್ಲಿ ಹಿಡಿದು ಕೂರಲಿಲ್ಲ.

2024ರ ಆಗಸ್ಟಿನಲ್ಲಿ ಇನ್ನೊಂದು ಒಪ್ಪಂದವಾಗಿ ಡ್ರಾಫ್ಟನ್ನೇ ತೆಗೆದುಹಾಕಿದರು. ಕಾಲೇಜು ಹುಡುಗಿಯರದ್ದೂ, ಹೊಸ ತಂಡ ಬಂದಾಗ ಹಳೆಯವರ ಆಟಗಾರ್ತಿಯರನ್ನು ಎತ್ತಿಕೊಳ್ಳುವುದೂ, ಎರಡೂ ಹೋದವು. ಆಟಗಾರ್ತಿಯ ಒಪ್ಪಿಗೆಯಿಲ್ಲದೆ ಆಕೆಯನ್ನು ಬೇರೆ ತಂಡಕ್ಕೆ ಕೊಡುವಂತಿಲ್ಲ. 2025ರಲ್ಲಿ ಕನಿಷ್ಠ ಸಂಬಳ 48,500; 2030ಕ್ಕೆ 82,500. ಅಮೆರಿಕದ ದೊಡ್ಡ ಕ್ರೀಡಾ ಲೀಗುಗಳಲ್ಲಿ ಡ್ರಾಫ್ಟನ್ನು ಬಿಟ್ಟದ್ದು ಇದೇ ಮೊದಲು. ಬುಡವಿಲ್ಲದ ಲೀಗು ಎಂದು ಎಲ್ಲರೂ ಎರಡು ಸಲ ಹೂತದ್ದು, ಗಂಡಸರ ಲೀಗುಗಳು ಮುಟ್ಟದ ಕಲ್ಲನ್ನು ಎತ್ತಿ ಬದಿಗಿಟ್ಟಿತು. ಮಾವನವರಿಗೆ ಇದನ್ನು ಹೇಳಬೇಕೆನ್ನಿಸಿತು, ಅವರು ತೀರಿಕೊಂಡಿದ್ದರು.

ಹ್ಯಾರಿಸನ್ನಿಗೆ ಈಗ ರೈಲಿನಲ್ಲಿ ಹೋಗುತ್ತೇವೆ. ಟಿಕೆಟ್ ದುಬಾರಿ, ಚೀಲ ತಪಾಸಣೆ, ಕೋಡುಬಳೆ ಡಬ್ಬಿ ಒಳಗೆ ಬಿಡುವುದಿಲ್ಲ. ಆಟಗಾರ್ತಿಯರು ದೂರ. ಸಹಿ ಬೇಕೆಂದರೆ ಮಕ್ಕಳು ಬೋರ್ಡು ಬರೆದು ಎತ್ತಿ ಹಿಡಿಯಬೇಕು. ಇದರಲ್ಲಿ ನನಗೆ ಕಳೆದುಹೋದದ್ದೇನೂ ಕಾಣುವುದಿಲ್ಲ. ಹತ್ತಿರದಿಂದ ನೋಡುವ ನಮ್ಮ ಸುಖಕ್ಕೆ ಅವರು ಬಡವರಾಗಿಯೇ ಇರಬೇಕಾಗಿತ್ತು. 2025ರ ನವೆಂಬರಿನಲ್ಲಿ ಗೋಥಮ್ ಎಂಟನೇ ಸ್ಥಾನದಿಂದ ನಾಕೌಟ್ ತಲುಪಿ ಮತ್ತೆ ಕಪ್ ಗೆದ್ದಿತು. ವಾಷಿಂಗ್ಟನ್ ಮೇಲೆ ಒಂದೇ ಗೋಲು, ಅದು ಲವೆಲ್‌ಳದ್ದು.

ಸೋತ ವಾಷಿಂಗ್ಟನ್ ತಂಡದ ಟ್ರಿನಿಟಿ ರಾಡ್ಮನ್ ಸುತ್ತ ಈಗಿನ ಜಗಳ. ಬ್ಯಾಸ್ಕೆಟ್‌ಬಾಲಿನ ಡೆನ್ನಿಸ್ ರಾಡ್ಮನ್‌ರ ಮಗಳು, ಒಪ್ಪಂದ ಮುಗಿಯುತ್ತಿತ್ತು, ಯುರೋಪಿನ ತಂಡಗಳು ಕಾದಿದ್ದವು. ವಾಷಿಂಗ್ಟನ್ ಕೊಡಲು ಹೊರಟ ದೊಡ್ಡ ಮೊತ್ತವನ್ನು ಮಿತಿಯ ಆಶಯಕ್ಕೆ ವಿರುದ್ಧ ಎಂದು ಲೀಗು ತಳ್ಳಿಹಾಕಿತು. ಸಂಘ ತಕರಾರು ಹೂಡಿತು. ಆಮೇಲೆ ಡಿಸೆಂಬರಿನಲ್ಲಿ ಲೀಗು ತಾನೇ ಹೊಸ ನಿಯಮ ತಂದಿತು: ಅತಿ ಪ್ರಭಾವಿ ಆಟಗಾರ್ತಿಯರಿಗಾಗಿ ಒಂದು ತಂಡ ಮಿತಿಯ ಮೇಲೆ 10 ಲಕ್ಷ ಡಾಲರ್‌ವರೆಗೆ ಖರ್ಚು ಮಾಡಬಹುದು, ಜಾರಿ 2026ರ ಜುಲೈ 1ರಿಂದ. ಯಾರು ಪ್ರಭಾವಿ? ಬ್ಯಾಲನ್ ಡಿ’ಓರ್ ಮತಗಣನೆಯಲ್ಲಿ ಮೊದಲ ಮೂವತ್ತರಲ್ಲಿದ್ದವರು, ಲೀಗಿನ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿಯ ಅಂತಿಮ ಸುತ್ತಿಗೆ ಬಂದವರು, ಹೀಗೆ ಕೆಲವು ಅಳತೆಗೋಲುಗಳು. ಅವುಗಳಲ್ಲೊಂದು, ಜಾಹೀರಾತು ಮಾರುಕಟ್ಟೆಯಲ್ಲಿ ಯಾರಿಗೆ ಬೆಲೆ ಹೆಚ್ಚು ಎಂದು ಒಂದು ಪತ್ರಿಕೆ ಮಾಡುವ ಪಟ್ಟಿ. ಯಾರಿಗೆ ಎಷ್ಟು ಕೊಡಬೇಕೆಂದು ಲೀಗು ಏಕೆ ಹೇಳಬೇಕು, ಮಿತಿಯನ್ನೇ ಏರಿಸಿ ಎಂಬುದು ಸಂಘದ ವಾದ. ರಾಡ್ಮನ್ 2026ರ ಜನವರಿಯಲ್ಲಿ ವಾಷಿಂಗ್ಟನ್‌ಗೇ ಸಹಿ ಹಾಕಿದಳು.

ನಾನು ಸಂಘದ ಕಡೆ. ಆ ಹತ್ತು ಲಕ್ಷವನ್ನು ಕನಿಷ್ಠ ಸಂಬಳದ ಇಪ್ಪತ್ತು ಹುಡುಗಿಯರಿಗೆ ಹಂಚಿದರೆ ತಲಾ ಐವತ್ತು ಸಾವಿರ, ಸಂಬಳ ಇಮ್ಮಡಿಯಾಗುತ್ತದೆ. ಎಡಿಸನ್ನಿನಲ್ಲಿ ಮನೆ ಬಾಡಿಗೆ ಏನಾಗಿದೆ ಎಂದು ನೋಡಿದವರಿಗೆ ಅದರ ಅರ್ಥ ಗೊತ್ತಾಗುತ್ತದೆ. ಮಗಳು ಒಪ್ಪಲಿಲ್ಲ. ಈಗ ಅವಳೇ ಟಿಕೆಟ್ ತೆಗೆಸುವವಳು, ನಿಯಮಾವಳಿಯ ಪುಟಗಳು ಅವಳ ಫೋನಿನಲ್ಲೇ ಇರುತ್ತವೆ.

‘ಹಂಚಿದ್ರೆ ರಾಡ್ಮನ್ ಲಂಡನ್ನಿಗೆ ಹೋಗ್ತಾಳೆ, ಅಮ್ಮ. ಆಮೇಲೆ ನೋಡೋಕೆ ಯಾರು ಬರ್ತಾರೆ?’

‘ನಾನು ಬರ್ತೀನಿ’ ಎಂದೆ.

‘ನೀನೂ ನಿನ್ನ ಗೆಳತಿಯರೂ ಮಾತ್ರ ಬಂದ್ರೆ ಎಂಥ ಲೀಗು ಆಗುತ್ತೆ ಅನ್ನೋದನ್ನ 2018ರಲ್ಲೇ ನೋಡಿದ್ವಲ್ಲ’ ಎಂದಳು.